ನಿರಂತರ ಏಕರೂಪ ವಿತರಣೆಯ ಲೆಕ್ಕ: ಮೊದಲು ಗೆರೆ, ಆಮೇಲೆ ಸೂತ್ರ

ವಿರಾಜಪೇಟೆಯಲ್ಲಿ ಡಿಗ್ರಿ ಮಕ್ಕಳಿಗೆ ಸಂಜೆ ಹೊತ್ತು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ನಾರ್ಮಲ್ (ಗಂಟೆಯಾಕಾರದ) ವಿತರಣೆಯ ಕೋಷ್ಟಕ ನೋಡುವುದನ್ನು ಎರಡೇ ದಿನದಲ್ಲಿ ಕಲಿತವರು, ಅದಕ್ಕಿಂತ ಎಷ್ಟೋ ಸುಲಭವಾದ ಏಕರೂಪ ವಿತರಣೆಯಲ್ಲಿ (ಎರಡು ತುದಿಗಳ ನಡುವೆ ಸಂಭವನೀಯತೆ ಸಮವಾಗಿ ಹರಡಿರುವುದು) ಅಂಕ ಕಳೆದುಕೊಂಡು ಬರುತ್ತಾರೆ. ಪ್ರತಿ ಬ್ಯಾಚಿನಲ್ಲೂ ಅವೇ ಆರೇಳು ತಪ್ಪುಗಳು. ಸೂತ್ರ ಗೊತ್ತಿಲ್ಲ ಎಂದಲ್ಲ, ಒಂದೇ ಸಾಲಿನ ಸೂತ್ರ ಎಲ್ಲರಿಗೂ ಬಾಯಿಪಾಠ. ಯಾವ ಉದ್ದವನ್ನು ಯಾವ ಉದ್ದದಿಂದ ಭಾಗಿಸಬೇಕು ಎಂದು ಒಂದು ಕ್ಷಣ ನಿಂತು ನೋಡದೆ ಕ್ಯಾಲ್ಕುಲೇಟರಿಗೆ ಕೈ ಹಾಕುತ್ತಾರೆ, ಅಲ್ಲೇ ಎಡವುತ್ತಾರೆ.

ಬೇಕಾಗುವ ಸಾಮಾನು ಕಡಿಮೆ. ಖಾಲಿ ಹಾಳೆ, ಪೆನ್ಸಿಲು, ವರ್ಗಮೂಲದ ಗುಂಡಿ ಇರುವ ಸಾದಾ ಕ್ಯಾಲ್ಕುಲೇಟರ್. ತಾಳೆ ನೋಡಲು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಸ್ಪ್ರೆಡ್‌ಶೀಟ್ ಇದ್ದರೆ ಒಳ್ಳೆಯದು. ಇಂಟಿಗ್ರೇಷನ್ ಬೇಡವೇ ಬೇಡ. ಆಯತದ ವಿಸ್ತೀರ್ಣ ತೆಗೆಯಲು ಬಂದರೆ ಸಾಕು.

ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಮೊದಲ ನಾಲ್ಕು ಹಂತ ಬಿಟ್ಟು ಐದಕ್ಕೆ ಹಾರಿದವರ ಉತ್ತರಪತ್ರಿಕೆಗಳನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಇದು ಏಕರೂಪ ಹೌದೋ ಅಲ್ಲವೋ ನೋಡಿಕೊಳ್ಳಿ

ಎರಡು ತುದಿಗಳ ನಡುವೆ ಸಮ ಉದ್ದದ ಯಾವ ಎರಡು ತುಂಡು ತೆಗೆದರೂ ಅವುಗಳ ಸಂಭವನೀಯತೆ ಸಮವಾಗಿರಬೇಕು. ಇದೊಂದೇ ಷರತ್ತು. ತುದಿಗಳು ಗೊತ್ತು ಎಂಬ ಮಾತ್ರಕ್ಕೆ ವಿತರಣೆ ಏಕರೂಪ ಆಗಿಬಿಡುವುದಿಲ್ಲ.

ಮಡಿಕೇರಿಯಲ್ಲಿ ವರ್ಷದ ಅತಿ ಜೋರು ಮಳೆ ಬೀಳುವ ದಿನ ಜನವರಿ 1 ಮತ್ತು ಡಿಸೆಂಬರ್ 31ರ ನಡುವೆ ಎಲ್ಲೋ ಇದ್ದೇ ಇರುತ್ತದೆ. ಹಾಗಂತ ಫೆಬ್ರವರಿಗೂ ಜುಲೈಗೂ ಒಂದೇ ಸಂಭವನೀಯತೆ ಎಂದರೆ ಇಲ್ಲಿನ ಶಾಲೆ ಮಕ್ಕಳೂ ನಗುತ್ತಾರೆ.

ಇನ್ನೊಂದು ಉದಾಹರಣೆ ಅಷ್ಟು ಸಲೀಸಲ್ಲ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ಕಾಫಿ ತೋಟಕ್ಕೆ ಕೆರೆಯಿಂದ ಸ್ಪ್ರಿಂಕ್ಲರ್ ನೀರು ಹಾಯಿಸುತ್ತಾರಲ್ಲ, ಆ ಪೈಪಿನ ಸಾಲು 480 ಮೀಟರ್ ಉದ್ದವಿದೆ, ಎಲ್ಲೋ ಒಂದು ಕಡೆ ಸೋರುತ್ತಿದೆ ಎನ್ನಿ. ಸೋರುವ ಜಾಗ 0ಯಿಂದ 480ರ ನಡುವೆ ಏಕರೂಪ ಎಂದು ಪ್ರಶ್ನೆಪತ್ರಿಕೆ ಹೇಳಿದರೆ ಒಪ್ಪಿಕೊಂಡು ಲೆಕ್ಕ ಮಾಡಿ. ನಿಜವಾದ ತೋಟದಲ್ಲಿ ಮಾತ್ರ ಮೊದಲು ಜಾಯಿಂಟುಗಳನ್ನು ನೋಡಬೇಕು, ಏಕೆಂದರೆ ಪೈಪು ಸಾಮಾನ್ಯವಾಗಿ ಸೋರುವುದು ಜೋಡಣೆಯಲ್ಲಿ, ನಡು ಮೈಯಲ್ಲಿ ಅಲ್ಲ. ಆಗ ಅದು ನಿರಂತರವೂ ಅಲ್ಲ, ಏಕರೂಪವೂ ಅಲ್ಲ.

ಏಕರೂಪ ಎಂದು ಧೈರ್ಯವಾಗಿ ಒಪ್ಪಬಹುದಾದ ಸಂದರ್ಭಗಳು ಕೆಲವೇ. ವೇಳಾಪಟ್ಟಿ ನೋಡದೆ ಬಸ್‌ ಸ್ಟಾಪಿಗೆ ಬಂದವರು ಕಾಯುವ ಹೊತ್ತು (ಬಸ್ಸುಗಳು ಸಮ ಅಂತರದಲ್ಲಿ ಬರುತ್ತಿದ್ದರೆ), ತಕ್ಕಡಿ ಅಂಕಿಯನ್ನು ಪೂರ್ಣಗೊಳಿಸಿ (ಹತ್ತಿರದ ಅಂಕಿಗೆ ತಂದು) ತೋರಿಸುವಾಗ ಉಳಿಯುವ ಚೂರು ವ್ಯತ್ಯಾಸ, ಸ್ಪ್ರೆಡ್‌ಶೀಟಿನ ರ‍್ಯಾಂಡ್ ಫಂಕ್ಷನ್ ಕೊಡುವ ಸಂಖ್ಯೆ. ಉಳಿದ ಕಡೆ ಪ್ರಶ್ನೆಯೇ ಹೇಳಿರಬೇಕು.

ಹಂತ 2: ಚರ ಯಾವುದು, ಅಳತೆಯ ಮಾನ ಯಾವುದು, ಬರೆದಿಡಿ

ಈ ಹಂತಕ್ಕೆ ಒಂದು ಲೆಕ್ಕ ಹಿಡಿದುಕೊಳ್ಳೋಣ, ಮುಂದೆಯೂ ಇದೇ ನಡೆಯಲಿ. ಮಡಿಕೇರಿಯಿಂದ ವಿರಾಜಪೇಟೆಗೆ ಬಸ್ಸು ತೆಗೆದುಕೊಳ್ಳುವ ಹೊತ್ತು 50 ನಿಮಿಷದಿಂದ 1 ಗಂಟೆ 20 ನಿಮಿಷದವರೆಗೆ ಏಕರೂಪವಾಗಿ ಹರಡಿದೆ. (ಲೆಕ್ಕಕ್ಕೆಂದು ಹಿಡಿದ ಅಂಕಿ ಇದು. ಮಳೆಗಾಲದಲ್ಲಿ ಬಂದು ನನ್ನನ್ನು ಕೇಳಬೇಡಿ.)

ಹಾಳೆಯ ಮೇಲ್ಗಡೆ ಒಂದು ಸಾಲು ಬರೆಯಿರಿ: “ಎಕ್ಸ್ = ಪ್ರಯಾಣದ ಹೊತ್ತು, ನಿಮಿಷಗಳಲ್ಲಿ; ಎ = 50, ಬಿ = 80.” ಎ ಎಂದರೆ ಕೆಳ ತುದಿ, ಬಿ ಎಂದರೆ ಮೇಲ್ತುದಿ.

ಇಷ್ಟು ಬರೆಯದವರು 1 ಗಂಟೆ 20 ನಿಮಿಷವನ್ನು 1.20 ಎಂದೂ 50 ನಿಮಿಷವನ್ನು 0.50 ಎಂದೂ ಹಾಕಿ ಅಗಲ 0.70 ಗಂಟೆ ಎನ್ನುತ್ತಾರೆ. ನಿಜವಾದ ಅಗಲ 30 ನಿಮಿಷ, ಅಂದರೆ 0.5 ಗಂಟೆ. ಗಂಟೆಗೆ 60 ನಿಮಿಷ, 100 ಅಲ್ಲ. ಗೊತ್ತಿದ್ದೂ ತಪ್ಪುವ ಜಾಗ ಇದು.

ಹಂತ 3: ಗೆರೆ ಎಳೆದು ಎತ್ತರ ಹಾಕಿ

ಅಡ್ಡಗೆರೆ ಎಳೆದು 50 ಮತ್ತು 80 ಗುರುತು ಮಾಡಿ. ಅದರ ಮೇಲೆ ಒಂದು ಆಯತ ನಿಲ್ಲಿಸಿ. ಆಯತದ ಒಟ್ಟು ವಿಸ್ತೀರ್ಣ 1 ಆಗಲೇಬೇಕು, ಅಗಲ 30, ಹಾಗಾಗಿ ಎತ್ತರ 1/30. ಸೂತ್ರದಲ್ಲಿ ಇದನ್ನೇ 1 ÷ (ಬಿ − ಎ) ಎನ್ನುವುದು. ಈ ಎತ್ತರಕ್ಕೆ ಸಂಭವನೀಯತಾ ಸಾಂದ್ರತೆ ಎಂದು ಹೆಸರು.

ಸಾಂದ್ರತೆಯೇ ಸಂಭವನೀಯತೆ ಅಲ್ಲ. ಇದೇ ಲೆಕ್ಕವನ್ನು ಗಂಟೆಗಳಲ್ಲಿ ಮಾಡಿದರೆ ಅಗಲ 0.5, ಎತ್ತರ 2. “ಸರ್, ಸಂಭವನೀಯತೆ ಎರಡು ಬಂತು, ಎಲ್ಲೋ ತಪ್ಪಿದೆ” ಎಂದು ಹಾಳೆ ಹರಿದು ಹಾಕಿದವರಿದ್ದಾರೆ. ಏನೂ ತಪ್ಪಿಲ್ಲ. ಎತ್ತರ ಒಂದನ್ನು ದಾಟಬಹುದು, ವಿಸ್ತೀರ್ಣ ದಾಟಬಾರದು.

ಹಂತ 4: ಕೇಳಿದ ಭಾಗಕ್ಕೆ ಬಣ್ಣ ಹಾಕಿ, ಹೊರಚಾಚಿದ್ದನ್ನು ಕತ್ತರಿಸಿ

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯಿರಿ. ಪ್ರಶ್ನೆಯಲ್ಲಿರುವ ಪದ ಯಾವುದು ಎಂದು ನೋಡಿ ಪೆನ್ಸಿಲಿನಿಂದ ಆ ಭಾಗಕ್ಕೆ ಗೀರು ಹಾಕಬೇಕು.

ಕನ್ನಡ ಮಾಧ್ಯಮದವರು ಎಡವುವ ಪದ “ಕನಿಷ್ಠ”. ಕಿವಿಗೆ ಅದು ಕಡಿಮೆ ಎಂದು ಕೇಳಿಸುತ್ತದೆ. “ಕನಿಷ್ಠ 70 ನಿಮಿಷ ಹಿಡಿಯುವ ಸಂಭವನೀಯತೆ” ಎಂದು ಕೇಳಿದರೆ ಅರ್ಧ ತರಗತಿ 50ರಿಂದ 70ರವರೆಗೆ ಬಣ್ಣ ಹಾಕುತ್ತದೆ. ಕನಿಷ್ಠ 70 ಎಂದರೆ 70 ಮತ್ತು ಅದಕ್ಕಿಂತ ಹೆಚ್ಚು, ಬಲಗಡೆಯ ಭಾಗ. “ಗರಿಷ್ಠ 70” ಎಂದರೆ 70ರ ಒಳಗೆ, ಎಡಗಡೆಯ ಭಾಗ. ಗೊಂದಲವಾದರೆ ಪ್ರಶ್ನೆಯನ್ನು ಮನೆಮಾತಿಗೆ ತಿರುಗಿಸಿಕೊಳ್ಳಿ: “ಎಪ್ಪತ್ತು ನಿಮಿಷವಾದರೂ ಆಗುತ್ತಾ?”

ಮುಂದಿನ ತಪ್ಪು, ತುದಿ ದಾಟುವುದು. 60ರಿಂದ 90 ನಿಮಿಷದೊಳಗೆ ತಲುಪುವ ಸಂಭವನೀಯತೆ ಎಷ್ಟು? 90 − 60 = 30, 30/30 = 1 ಎಂದು ಬರೆದರೆ ಬಸ್ಸು 60 ನಿಮಿಷಕ್ಕೆ ಮೊದಲು ತಲುಪುವುದೇ ಇಲ್ಲ ಎಂದಂತಾಯಿತು. ಗೆರೆ ಎಳೆದಿದ್ದರೆ 80ರ ಆಚೆ ಆಯತವೇ ಇಲ್ಲ ಎಂದು ಕಾಣುತ್ತಿತ್ತು. 80ಕ್ಕೆ ಕತ್ತರಿಸಿ: ಉಳಿದ ಉದ್ದ 20, ಉತ್ತರ 20/30.

ಅದೇ ರೀತಿ 45 ನಿಮಿಷಕ್ಕಿಂತ ಕಡಿಮೆ ಎಂದರೆ 0, 90ಕ್ಕಿಂತ ಕಡಿಮೆ ಎಂದರೆ 1. ಇವೆರಡಕ್ಕೂ ಭಾಗಾಕಾರ ಬೇಡ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಇದನ್ನೇ ಕೇಳುವುದು, ಮಕ್ಕಳು ಅರ್ಧ ಪುಟ ಬರೆಯುವುದು.

ಹಂತ 5: ಉದ್ದವನ್ನು ಉದ್ದದಿಂದ ಭಾಗಿಸಿ

ಸಂಭವನೀಯತೆ = ಬಣ್ಣ ಹಾಕಿದ ಉದ್ದ ÷ ಒಟ್ಟು ಉದ್ದ.

60ರಿಂದ 70 ನಿಮಿಷ: 10/30, ಅಂದರೆ 0.333. ಕನಿಷ್ಠ 75 ನಿಮಿಷ: 5/30, 0.167. ಇಷ್ಟೇ.

ಎರಡು ತಪ್ಪು ಇಲ್ಲೂ ಕಾದಿರುತ್ತವೆ. ಒಂದು, ಕೆಳ ತುದಿ ಸೊನ್ನೆ ಅಲ್ಲದಾಗ ಬಿ − ಎ ಬದಲು ಬರೀ ಬಿಯಿಂದ ಭಾಗಿಸುವುದು (10/80). ಇನ್ನೊಂದು ದಾಳದ ಲೆಕ್ಕದಿಂದ ಬಂದ ಚಾಳಿ. 60, 61, 62 ಎಂದು ಬೆರಳು ಮಡಚಿ 70ರವರೆಗೆ 11, 50ರಿಂದ 80ರವರೆಗೆ 31, ಉತ್ತರ 11/31 ಎನ್ನುವುದು. ನಿಮಿಷಗಳನ್ನು ಇಲ್ಲಿ ಎಣಿಸುತ್ತಿಲ್ಲ, ಅಳೆಯುತ್ತಿದ್ದೇವೆ.

ಅಳೆಯುವುದರಿಂದಲೇ ಸರಿಯಾಗಿ 65ನೇ ನಿಮಿಷಕ್ಕೆ ತಲುಪುವ ಸಂಭವನೀಯತೆ 0. ಬಿಂದುವಿಗೆ ಉದ್ದ ಇಲ್ಲ. “70ಕ್ಕಿಂತ ಕಡಿಮೆ” ಮತ್ತು “70 ಅಥವಾ ಕಡಿಮೆ” ಎರಡಕ್ಕೂ ಒಂದೇ ಉತ್ತರ ಬರುವುದೂ ಇದೇ ಕಾರಣಕ್ಕೆ.

ಹಂತ 6: ಹೊಸ ಮಾಹಿತಿ ಬಂದರೆ ಹೊಸ ಗೆರೆ

ಷರತ್ತಿನ ಪ್ರಶ್ನೆಗಳಲ್ಲಿ ಜಾಣರೂ ಬೀಳುತ್ತಾರೆ. ಬಸ್ಸು ಹೊರಟು 60 ನಿಮಿಷ ಆಯಿತು, ಇನ್ನೂ ತಲುಪಿಲ್ಲ. 70 ನಿಮಿಷದೊಳಗೆ ತಲುಪುವ ಸಂಭವನೀಯತೆ ಎಷ್ಟು?

ಹಳೆಯ ಗೆರೆ ಹಿಡಿದುಕೊಂಡವರು 20/30 ಎನ್ನುತ್ತಾರೆ, ಇಲ್ಲವೇ 10/30. ಎರಡೂ ತಪ್ಪು. 50ರಿಂದ 60ರವರೆಗಿನ ಭಾಗ ಮುಗಿದುಹೋಯಿತು. ಅದನ್ನು ಪೆನ್ಸಿಲಿನಿಂದ ಅಡ್ಡಗೆರೆ ಹೊಡೆದು ತೆಗೆಯಿರಿ. ಉಳಿದ ಗೆರೆ 60ರಿಂದ 80, ಉದ್ದ 20. ಬೇಕಾದ್ದು 60ರಿಂದ 70, ಉದ್ದ 10. ಉತ್ತರ 10/20 = 0.5.

ಪೈಪಿನ ಲೆಕ್ಕ ನೆನಪಿದೆಯಲ್ಲ, ಅಲ್ಲೂ ಹೀಗೇ. ಕೆರೆ ಕಡೆಯಿಂದ 180 ಮೀಟರ್ ನಡೆದು ನೋಡಿದ್ದಾಯಿತು, ಸೋರಿಕೆ ಸಿಗಲಿಲ್ಲ. ಮುಂದಿನ 60 ಮೀಟರಿನಲ್ಲಿ ಸಿಗುವ ಸಂಭವನೀಯತೆ 60/480 ಅಲ್ಲ, 60/300 = 0.2. ಹುಡುಕುತ್ತ ಹೋದ ಹಾಗೆ ಪ್ರತಿ 60 ಮೀಟರಿನ ಸಂಭವನೀಯತೆ ಏರುತ್ತ ಹೋಗುತ್ತದೆ. 420 ಮೀಟರ್ ದಾಟಿದ ಮೇಲೆ ಉಳಿದ 60 ಮೀಟರಿಗೆ ಅದು 1. ಎಲ್ಲೋ ಸೋರುತ್ತಿದೆ ಎಂಬುದು ಖಚಿತವಿರುವಾಗ ಬೇರೆ ಜಾಗವೇ ಉಳಿದಿಲ್ಲವಲ್ಲ.

ಎಚ್ಚರಿಕೆಯ ಗುರುತು: ಪ್ರಶ್ನೆಯಲ್ಲಿ “ಈಗಾಗಲೇ”, “ಇನ್ನೂ ಬಂದಿಲ್ಲ”, “ಎಂದು ತಿಳಿದಿದ್ದರೆ” ಎಂಬ ಮಾತು ಕಂಡರೆ ಛೇದ ಬದಲಾಗಲೇಬೇಕು. ಛೇದ ಹಳೆಯದೇ ಉಳಿದಿದ್ದರೆ ನೀವು ಆ ಮಾತನ್ನು ಓದಿಲ್ಲ ಎಂದೇ ಅರ್ಥ.

ಹಂತ 7: ಬೇಕಾದ ಭಾಗ ತುಂಡು ತುಂಡಾಗಿದ್ದರೆ

ಗೋಣಿಕೊಪ್ಪದ ಬಸ್‌ ನಿಲ್ದಾಣದಿಂದ 7:00, 7:20, 7:40ಕ್ಕೆ ಬಸ್ಸು ಹೊರಡುತ್ತದೆ ಎನ್ನಿ. ನೀವು 7:10ರಿಂದ 7:40ರ ನಡುವೆ ಯಾವುದೋ ಹೊತ್ತಿಗೆ, ಏಕರೂಪವಾಗಿ, ಬರುತ್ತೀರಿ. 12 ನಿಮಿಷಕ್ಕಿಂತ ಹೆಚ್ಚು ಕಾಯುವ ಸಂಭವನೀಯತೆ?

20 ನಿಮಿಷಕ್ಕೊಂದು ಬಸ್ಸು, ಹಾಗಾಗಿ 8/20 = 0.4 ಎನ್ನುವ ಉತ್ತರ ನನಗೆ ಪ್ರತಿ ವರ್ಷ ಸಿಗುತ್ತದೆ. ಇಲ್ಲಿ ಏಕರೂಪವಾಗಿರುವುದು ನೀವು ಬರುವ ಹೊತ್ತು, ಕಾಯುವ ಹೊತ್ತಲ್ಲ; ಹಂತ 1ರ ಮಾತು ಇಲ್ಲಿ ಹೊಂದದು, ಏಕೆಂದರೆ 30 ನಿಮಿಷ ಎಂದರೆ 20 ನಿಮಿಷದ ಪೂರ್ತಿ ಅಂತರಗಳಲ್ಲ, ಒಂದೂವರೆ. ಗೆರೆಯನ್ನು ಬರುವ ಹೊತ್ತಿಗೆ ಎಳೆಯಬೇಕು: 7:10ರಿಂದ 7:40, ಉದ್ದ 30.

ಈಗ ಅದರ ಮೇಲೆ ನಡೆಯುತ್ತ ಹೋಗಿ. 7:10ಕ್ಕೆ ಬಂದರೆ 10 ನಿಮಿಷ ಕಾಯಬೇಕು, ಅಲ್ಲಿಂದ 7:20ರವರೆಗೆ ಕಾಯುವುದು ಇನ್ನೂ ಕಡಿಮೆ. ಈ ಭಾಗದಲ್ಲಿ 12 ದಾಟುವುದೇ ಇಲ್ಲ. 7:20ರ ಬಸ್ಸು ತಪ್ಪಿದ ಕೂಡಲೇ ಕಾಯುವ ಹೊತ್ತು 20ಕ್ಕೆ ಜಿಗಿಯುತ್ತದೆ, 7:28ಕ್ಕೆ 12ಕ್ಕೆ ಇಳಿಯುತ್ತದೆ. ಬಣ್ಣ ಹಾಕಬೇಕಾದ್ದು 7:20ರಿಂದ 7:28 ಮಾತ್ರ. ಉತ್ತರ 8/30, ಸುಮಾರು 0.267.

5 ನಿಮಿಷಕ್ಕಿಂತ ಕಡಿಮೆ ಕಾಯುವ ಸಂಭವನೀಯತೆಗೆ ಎರಡು ತುಂಡು: 7:15ರಿಂದ 7:20, 7:35ರಿಂದ 7:40. ಉದ್ದ ಕೂಡಿಸಿ, 10/30. ತುಂಡುಗಳನ್ನು ಕೂಡಿಸಬೇಕು, ಗುಣಿಸಬಾರದು.

ಹಂತ 8: ಉತ್ತರ ಕೊಟ್ಟು ತುದಿ ಕೇಳಿದರೆ

“ಶೇ 90ರಷ್ಟು ಸಲ ಬಸ್ಸು ಎಷ್ಟು ನಿಮಿಷದೊಳಗೆ ತಲುಪುತ್ತದೆ?” ಇಲ್ಲಿ ಹಿಂದಿನಿಂದ ಬರಬೇಕು. ಎ + 0.9 × (ಬಿ − ಎ) = 50 + 27 = 77 ನಿಮಿಷ. 80ರ ಶೇ 90 ಎಂದು 72 ಬರೆದರೆ ಮೊದಲ 50 ನಿಮಿಷಕ್ಕೂ ಸಂಭವನೀಯತೆ ಹಂಚಿದಂತೆ. ಬಂದ ಉತ್ತರವನ್ನು ಹಂತ 5ಕ್ಕೆ ವಾಪಸು ಹಾಕಿ ನೋಡಿ: 77ರ ಒಳಗೆ ಎಂದರೆ 27/30 = 0.9, ಸರಿ. 72 ಹಾಕಿದರೆ 22/30, ಅಂದರೆ 0.733. ತಾಳೆ ಬರಲಿಲ್ಲ.

ಹಂತ 9: ಸರಾಸರಿ, ಮಾನಕ ವಿಚಲನೆ

ಸರಾಸರಿ (ಎ + ಬಿ) ÷ 2 = 65. ಇದರಲ್ಲಿ ತಪ್ಪುವವರು ಕಡಿಮೆ. (ಬಿ − ಎ) ÷ 2 ಎಂದು ಬರೆದು 15 ತಂದವರು ಇದ್ದಾರೆ, ಆದರೆ 50 ನಿಮಿಷದ ದಾರಿಗೆ ಸರಾಸರಿ 15 ಹೇಗೆ ಎಂದು ಕೇಳಿದರೆ ಅವರೇ ಅಳಿಸುತ್ತಾರೆ.

ವೇರಿಯನ್ಸ್ ಎಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ. ಏಕರೂಪ ವಿತರಣೆಗೆ ಅದು ಅಗಲದ ವರ್ಗ ÷ 12, ಇಲ್ಲಿ 900/12 = 75. ಮಾನಕ ವಿಚಲನೆ ಅದರ ವರ್ಗಮೂಲ, ಸುಮಾರು 8.66 ನಿಮಿಷ.

ಇನ್ನು ಮೋಸದ ಪ್ರಶ್ನೆ. ಸರಾಸರಿಯಿಂದ ಒಂದು ಮಾನಕ ವಿಚಲನೆಯ ಒಳಗೆ ಇರುವ ಸಂಭವನೀಯತೆ ಎಷ್ಟು? ನಾರ್ಮಲ್ ಪಾಠ ಓದಿ ಬಂದವರು ಕಣ್ಣು ಮುಚ್ಚಿ 0.68 ಎನ್ನುತ್ತಾರೆ. ಗೆರೆ ಮೇಲೆ ಅಳೆಯಿರಿ: 2 × 8.66 = 17.32, ಅದನ್ನು 30ರಿಂದ ಭಾಗಿಸಿದರೆ 0.577. ಏಕರೂಪ ವಿತರಣೆ ಯಾವುದೇ ಆಗಿರಲಿ, ಅಗಲ ಎಷ್ಟೇ ಇರಲಿ, ಈ ಅಂಕಿ ಬದಲಾಗದು. ಎರಡು ಮಾನಕ ವಿಚಲನೆ ಕೇಳಿದರೆ 0.95 ಅಲ್ಲ, 1. ಸರಾಸರಿಯಿಂದ ತುದಿಗೆ 15 ನಿಮಿಷ, ಎರಡು ಮಾನಕ ವಿಚಲನೆ 17.32. ಹಂತ 4ರಲ್ಲಿ ಹೇಳಿದ ಕತ್ತರಿ ಇಲ್ಲೂ ಬೇಕು.

ಹಂತ 10: ಹಲವು ಸೇರಿದಾಗ ಏಕರೂಪ ಉಳಿಯುವುದಿಲ್ಲ

ಜನವರಿಯ ಸಂಜೆ ಕಾಫಿ ತೋಟದ ಕಣದ ಪಕ್ಕ ನಿಂತು ನೋಡಿ. ಹಣ್ಣು ಕುಯ್ದವರು ಚೀಲ ತಂದು ಡಿಜಿಟಲ್ ತಕ್ಕಡಿಯ ಮೇಲೆ ಇಳಿಸುತ್ತಾರೆ. ಅಂಕಿ 43.2 ಎಂದು ತೋರಿಸುತ್ತದೆ, 43.3 ಆಗುತ್ತದೆ, ಮತ್ತೆ 43.2. ತೋಟದ ಲೆಕ್ಕ ಬರೆಯುವ ರೈಟರ್ ಪೆನ್ನು ಹಿಡಿದು ಕಾಯುತ್ತಾರೆ. ಚೀಲದ ಒಡತಿಯ ಕಣ್ಣೂ ಅಲ್ಲೇ. ಚೀಲದ ನಿಜ ತೂಕ 43.25ರ ಆಸುಪಾಸಿನಲ್ಲಿದೆ, ತಕ್ಕಡಿಗೆ ಯಾವ ಕಡೆ ಪೂರ್ಣಗೊಳಿಸಬೇಕೋ ತಿಳಿಯುತ್ತಿಲ್ಲ. ಅದಕ್ಕೇ ಈ ಓಲಾಟ.

ತಕ್ಕಡಿ ಹತ್ತಿರದ 100 ಗ್ರಾಮಿಗೆ ಪೂರ್ಣಗೊಳಿಸುತ್ತದೆ ಎಂದರೆ ಒಂದು ಚೀಲದ ವ್ಯತ್ಯಾಸ −50ರಿಂದ +50 ಗ್ರಾಂ ನಡುವೆ ಏಕರೂಪ. ವ್ಯತ್ಯಾಸ ಯಾವುದಾದರೂ ಒಂದು ಕಡೆಗೆ 30 ಗ್ರಾಮಿಗಿಂತ ಹೆಚ್ಚಿರುವ ಸಂಭವನೀಯತೆ? ಬಲಗಡೆ 20, ಎಡಗಡೆ 20, ಒಟ್ಟು 40/100 = 0.4. ಋಣ ಭಾಗ ಮರೆತವರಿಗೆ 0.2 ಬರುತ್ತದೆ.

ಈಗ 48 ಚೀಲ. ಎಲ್ಲ ವ್ಯತ್ಯಾಸವೂ ಒಂದೇ ಕಡೆಗೆ ವಾಲಿದರೆ 48 × 50 = 2400 ಗ್ರಾಂ, ಅಂದರೆ 2.4 ಕಿಲೋ ಆಚೀಚೆ ಆಗಬಹುದು. ಇಷ್ಟು ಕಂಡ ಕೂಡಲೇ “ಒಟ್ಟು ವ್ಯತ್ಯಾಸ −2400ರಿಂದ +2400ರವರೆಗೆ ಏಕರೂಪ” ಎಂದು ಗೆರೆ ಎಳೆದುಬಿಡುತ್ತಾರೆ. ಆ ಗೆರೆಯ ಪ್ರಕಾರ ಒಟ್ಟು ವ್ಯತ್ಯಾಸ 400 ಗ್ರಾಂ ದಾಟುವ ಸಂಭವನೀಯತೆ 4000/4800, ಸುಮಾರು 0.83. ತಕ್ಕಡಿಯನ್ನೇ ನಂಬುವಂತಿಲ್ಲ ಎಂಬ ಹಾಗೆ ಕಾಣುತ್ತದೆ.

ಸರಿಯಾದ ದಾರಿ ಬೇರೆ. ಒಂದು ಚೀಲದ ವೇರಿಯನ್ಸ್ 100 × 100 ÷ 12 = 833.3. ಚೀಲಗಳ ವ್ಯತ್ಯಾಸ ಒಂದಕ್ಕೊಂದು ಸಂಬಂಧವಿಲ್ಲದ್ದರಿಂದ ವೇರಿಯನ್ಸ್‌ಗಳನ್ನು ಕೂಡಿಸಬಹುದು: 48 × 833.3 = 40,000. ವರ್ಗಮೂಲ 200 ಗ್ರಾಂ. ಇಷ್ಟು ಚೀಲ ಸೇರಿದಾಗ ಮೊತ್ತದ ವಿತರಣೆ ಹೆಚ್ಚುಕಡಿಮೆ ನಾರ್ಮಲ್ ಆಗುತ್ತದೆ, 400 ಗ್ರಾಂ ಎಂದರೆ ಎರಡು ಮಾನಕ ವಿಚಲನೆ. ಅದನ್ನು ದಾಟುವ ಸಂಭವನೀಯತೆ ಸುಮಾರು 0.05. ಕೆಲವು ಚೀಲ ಹೆಚ್ಚು ತೋರಿಸಿದರೆ ಕೆಲವು ಕಡಿಮೆ ತೋರಿಸಿ ಸರಿದೂಗುತ್ತವೆ.

ಇಲ್ಲಿ ಕೂಡಿಸಬೇಕಾದ್ದು ವೇರಿಯನ್ಸ್, ಮಾನಕ ವಿಚಲನೆ ಅಲ್ಲ. 28.87 × 48 ಎಂದು ಗುಣಿಸಿದರೆ 1386 ಬರುತ್ತದೆ, ಪೂರ್ತಿ ಅಡ್ಡದಾರಿ. ಇನ್ನೊಂದು ಮಾತು: ತಕ್ಕಡಿಯೇ ಪ್ರತಿ ಚೀಲಕ್ಕೂ ಕಡಿಮೆ ತೋರಿಸುತ್ತಿದ್ದರೆ ಈ ಲೆಕ್ಕ ಯಾವ ಉಪಕಾರಕ್ಕೂ ಬಾರದು. ಅದು ಸರಿದೂಗುವ ತಪ್ಪಲ್ಲ, ಚೀಲ ಹೆಚ್ಚಿದಷ್ಟೂ ಬೆಳೆಯುವ ತಪ್ಪು. ಅದಕ್ಕೆ ತೂಕದ ಕಲ್ಲು ಇಟ್ಟು ನೋಡಬೇಕು, ಸೂತ್ರ ಅಲ್ಲ.

ಹಂತ 11: ಸ್ಪ್ರೆಡ್‌ಶೀಟಿನಲ್ಲಿ ತಾಳೆ ನೋಡಿ

ರ‍್ಯಾಂಡ್ ಫಂಕ್ಷನ್ 0ಯಿಂದ 1ರ ನಡುವೆ ಒಂದು ಸಂಖ್ಯೆ ಕೊಡುತ್ತದೆ. ಅದನ್ನು ಬಿ − ಎಯಿಂದ ಗುಣಿಸಿ ಎ ಕೂಡಿಸಿ. ನಮ್ಮ ಬಸ್ಸಿಗೆ: 50 + 30 × ರ‍್ಯಾಂಡ್. ಇದನ್ನು 1000 ಸಾಲಿಗೆ ಎಳೆದು ಬಿಡಿ. 50 + 80 × ರ‍್ಯಾಂಡ್ ಎಂದು ಬರೆದರೆ 130 ನಿಮಿಷದವರೆಗೂ ಅಂಕಿ ಬರುತ್ತವೆ, ಕೂಡಲೇ ಗೊತ್ತಾಗುತ್ತದೆ.

60 ಮತ್ತು 70ರ ನಡುವೆ ಬಿದ್ದ ಸಾಲುಗಳನ್ನು ಎಣಿಸಿ. ಸರಿಯಾಗಿ 333 ಬರಲಿಲ್ಲ ಎಂದು ಗಾಬರಿ ಬೇಡ. 303ರಿಂದ 363ರ ಒಳಗೆ ಬಂದರೆ ಸಹಜ, ಸುಮಾರು 100ರಲ್ಲಿ 95 ಸಲ ಅಷ್ಟರೊಳಗೇ ಇರುತ್ತದೆ. ಹಾಳೆಯನ್ನು ಮತ್ತೆ ಮತ್ತೆ ಲೆಕ್ಕ ಹಾಕಿಸಿದರೂ 500ರ ಹತ್ತಿರವೇ ಬರುತ್ತಿದ್ದರೆ 60 + 20 × ರ‍್ಯಾಂಡ್ ಎಂದು ಷರತ್ತಿನ ಗೆರೆಯನ್ನೇ ಸೂತ್ರಕ್ಕೆ ಹಾಕಿದ್ದೀರಿ, ಹಂತ 6 ನೋಡಿ. 667ರ ಹತ್ತಿರ ಬಂದರೆ ಒಂದು ತುದಿಯ ಷರತ್ತು ಹಾಕುವುದನ್ನೇ ಮರೆತಿದ್ದೀರಿ, ಹಂತ 4ಕ್ಕೆ ಹೋಗಿ ಪೆನ್ಸಿಲು ತೆಗೆದುಕೊಳ್ಳಿ.